ಅದೇ ತಗೊಳ್ಳತ್ತೆ!

ಕಳೆದ ಶನಿವಾರ ರಾತ್ರಿ ಊಟ ಮುಗಿಸಿ ಸ್ಕ್ರೂಡ್ರೈವರ್ ಹಿಡಿದು ಕೂತವನು ಮೇಲೆದ್ದಾಗ ಎರಡೂವರೆ ಗಂಟೆ. ಮಾಡಬೇಕಿದ್ದದ್ದು ಐದು ನಿಮಿಷದ ಕೆಲಸ. ಹಳೇ ಡೆಸ್ಕ್‌ಟಾಪಿಗೆ ಇನ್ನೊಂದು ರ್‍ಯಾಮ್ ಪಟ್ಟಿ ಸಿಕ್ಕಿಸಬೇಕಿತ್ತು, ಅಷ್ಟೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅದನ್ನು ಕೊಳ್ಳುವಾಗ, ಸೆಟ್ಟಿಂಗ್ ಏನಾದರೂ ಮಾಡಬೇಕೇನಪ್ಪಾ ಎಂದು ಕೇಳಿದ್ದೆ. ಅಂಗಡಿಯ ಹುಡುಗ ಬಿಲ್ಲಿನಿಂದ ತಲೆಯನ್ನೂ ಎತ್ತದೆ ಹೇಳಿದ: "ಏನೂ ಬೇಡ ಸಾರ್, ಹಾಕಿ ಆನ್ ಮಾಡಿ. ಅದೇ ತಗೊಳ್ಳತ್ತೆ."

ಹಾಕಿದೆ. ಎರಡೂ ತುದಿಯ ಕೊಕ್ಕೆಗಳು ಟಕ್ ಎಂದು ಕೂತವು. ಗುಂಡಿ ಒತ್ತಿದೆ. ತಗೊಂಡಿತು! 8 ಜಿಬಿ ಇದ್ದದ್ದು 16 ಆಯಿತು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಒಂದು ಅಕ್ಷರ ಟೈಪ್ ಮಾಡಿರಲಿಲ್ಲ. ಹಾಗಾದರೆ ಇದಕ್ಕೆ ಹೇಳಿದವರು ಯಾರು? ಹೊಸಬರು ಬಂದಿದ್ದಾರೆ, ಅವರ ಹೆಸರು ಇಂಥದ್ದು, ಅವರ ಶಕ್ತಿ ಇಷ್ಟು ಎಂದು ಆ ಕಬ್ಬಿಣದ ಡಬ್ಬಿಗೆ ಗೊತ್ತಾದದ್ದು ಹೇಗೆ? ಪಕ್ಕದ ಮುಚ್ಚಳ ಇನ್ನೂ ತೆರೆದೇ ಇತ್ತು. ಅದನ್ನು ಮುಚ್ಚಲು ಮನಸ್ಸಾಗಲಿಲ್ಲ.

ಮೊದಲು ಆ ಗುಂಡಿಯನ್ನೇ ನೋಡಿ. ಅದು ಗೋಡೆಯ ಸ್ವಿಚ್ಚಿನ ಹಾಗೆ ಕರೆಂಟು ಹರಿಸುತ್ತದೆ ಎಂದುಕೊಂಡಿದ್ದೆ. ಅಲ್ಲ. ಅದರ ಹಿಂದಿರುವುದು ದಾರದಷ್ಟು ತೆಳ್ಳಗಿನ ಎರಡು ವೈರು. ಒತ್ತಿದಾಗ ಅವೆರಡು ಒಂದು ಕ್ಷಣ ತಾಕುತ್ತವೆ, ಮುಗಿಯಿತು. ಡಬ್ಬಿಗೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್ ಪೂರ್ತಿ ನಿದ್ದೆ ಮಾಡುವುದೇ ಇಲ್ಲ. ಗೋಡೆಯ ಸ್ವಿಚ್ ಆನ್ ಇದ್ದರೆ ಸಾಕು, ಮದರ್‌ಬೋರ್ಡಿನ ಒಂದು ಮೂಲೆಗೆ ಸದಾ 5 ವೋಲ್ಟ್ ಕಳಿಸುತ್ತಿರುತ್ತದೆ, ದೇವರ ಮನೆಯ ನಂದಾದೀಪದ ಹಾಗೆ. ಗುಂಡಿಯ ಸ್ಪರ್ಶ ಸಿಕ್ಕ ಕೂಡಲೇ ಆ ಎಚ್ಚರದ ಮೂಲೆ ಎಸ್‌ಎಂಪಿಎಸ್‌ಗೆ ಹೋಗುವ ಒಂದು ಹಸಿರು ವೈರನ್ನು ಗ್ರೌಂಡಿಗೆ ಇಳಿಸುತ್ತದೆ. ಏಳು ಎಂದು ಹೇಳುವ ರೀತಿ ಅದು. ರಿಪೇರಿ ಅಂಗಡಿಗಳಲ್ಲಿ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಎಸ್‌ಎಂಪಿಎಸ್ ಓಡಿಸಿ ನೋಡುವುದು ಇದೇ ಗುಟ್ಟಿನಿಂದ.

ಕರೆಂಟು ಬಂತು. ಆದರೂ ಪ್ರೊಸೆಸರ್ ಏಳುವಂತಿಲ್ಲ! 12, 5, 3.3 ವೋಲ್ಟುಗಳೆಲ್ಲ ಅಲುಗಾಡದೆ ನಿಂತ ಮೇಲೆ ಎಸ್‌ಎಂಪಿಎಸ್ ಇನ್ನೊಂದು ವೈರಿನಲ್ಲಿ ಸಂಜ್ಞೆ ಕೊಡುತ್ತದೆ. ಅದರ ಹೆಸರೇ 'ಪವರ್ ಗುಡ್'. 100ರಿಂದ 500 ಮಿಲಿಸೆಕೆಂಡಿನ ಒಳಗೆ ಅದು ಬರಬೇಕು. ಅಲ್ಲಿಯವರೆಗೆ ಪ್ರೊಸೆಸರಿನ ರೀಸೆಟ್ ಪಿನ್ನನ್ನು ಮದರ್‌ಬೋರ್ಡ್ ಒತ್ತಿ ಹಿಡಿದಿರುತ್ತದೆ, ಎಳೆಗೂಸಿನ ಎದೆಯ ಮೇಲೆ ಕೈಯಿಟ್ಟು ಮಲಗಿಸಿದ ತಾಯಿಯ ಹಾಗೆ. ಆಮೇಲೆ ಕೈ ತೆಗೆಯುತ್ತದೆ.

ಆ ಕ್ಷಣದಲ್ಲಿ ಪ್ರೊಸೆಸರಿಗೆ ಏನು ಗೊತ್ತು? ಏನೂ ಗೊತ್ತಿಲ್ಲ. ತಾನು ಯಾವ ಡಬ್ಬಿಯಲ್ಲಿದ್ದೇನೆ, ಪಕ್ಕದಲ್ಲಿ ಯಾರಿದ್ದಾರೆ, ನಿನ್ನೆ ಏನಾಯಿತು, ಯಾವುದೂ ಇಲ್ಲ. ಕೋಟ್ಯಂತರ ಟ್ರಾನ್ಸಿಸ್ಟರುಗಳ ಆ ಚಿಪ್ ಎದ್ದ ತಕ್ಷಣ ನಡೆದುಕೊಳ್ಳುವುದು 1978ರ ತನ್ನ ಪೂರ್ವಜ 8086 ನಡೆದುಕೊಂಡ ಹಾಗೆ, ಹದಿನಾರು ಬಿಟ್ಟಿನ ಹಳೇ ನಡಿಗೆಯಲ್ಲಿ. ಹುಟ್ಟುವಾಗಲೇ ಅದರ ಸಿಲಿಕಾನಿನಲ್ಲಿ ಕೊರೆದಿಟ್ಟ ವಿಳಾಸ ಒಂದೇ ಒಂದು. ನಾಲ್ಕು ಜಿಬಿಯ ಗಡಿಗೆ ಹದಿನಾರೇ ಬೈಟು ಈಚೆ, ಲೆಕ್ಕ ಹಾಕಿದರೆ 429 ಕೋಟಿ 49 ಲಕ್ಷ 67 ಸಾವಿರದ 280ನೇ ಮನೆ. ಅಲ್ಲಿಗೆ ಹೋಗಿ ಏನು ಬರೆದಿದೆಯೋ ಅದನ್ನು ಮಾಡು. ಹದಿನಾರು ಬೈಟಿನಲ್ಲಿ ಏನು ಬರೆಯಲಾದೀತು? ಇನ್ನೊಂದು ಜಾಗಕ್ಕೆ ಹಾರು ಎಂಬ ಆಜ್ಞೆಯಷ್ಟೇ. ಆ ಹಾರಿಕೆ ಹೋಗಿ ಮುಟ್ಟುವುದು ಮದರ್‌ಬೋರ್ಡಿನ ಫ್ಲ್ಯಾಶ್ ಚಿಪ್ಪಿನಲ್ಲಿರುವ ಪ್ರೋಗ್ರಾಮನ್ನು. ಹಿಂದೆ ಅದಕ್ಕೆ ಬಯೋಸ್ ಎಂದು ಹೆಸರು, ಈಗ ಯುಇಎಫ್‌ಐ, ಒಟ್ಟಾರೆ ಫರ್ಮ್‌ವೇರ್ ಎನ್ನುತ್ತಾರೆ. ಕಡಲೆಬೀಜದ ಗಾತ್ರದ, ಎಂಟು ಕಾಲಿನ ಚಿಪ್ ಅದು, ನನ್ನ ಬೋರ್ಡಿನಲ್ಲಿ ಬೆರಳಿಟ್ಟು ತೋರಿಸಬಲ್ಲೆ! (ಈಚಿನ ಚಿಪ್‌ಗಳಲ್ಲಿ ಮುಖ್ಯ ಪ್ರೊಸೆಸರಿಗಿಂತ ಮೊದಲೇ ಎದ್ದು ದಾರಿ ಪರೀಕ್ಷಿಸುವ ಮತ್ತೊಂದು ಪುಟ್ಟ ಪ್ರೊಸೆಸರೂ ಇರುತ್ತದೆ. ಅದರದು ಬೇರೆಯೇ ಕಥೆ.)

ಈಗ ನನ್ನ ರ್‍ಯಾಮಿಗೆ ಬರುತ್ತೇನೆ. ಆ ಹೊತ್ತಿನಲ್ಲಿ ರ್‍ಯಾಮ್ ಇನ್ನೂ ಕೆಲಸಕ್ಕೆ ಬರುವುದಿಲ್ಲ! 16 ಜಿಬಿ ಸ್ಲಾಟಿನಲ್ಲಿ ಕೂತಿದೆ, ಆದರೆ ಅದರ ಜತೆ ಯಾವ ವೇಗದಲ್ಲಿ ಮಾತಾಡಬೇಕೆಂದು ಯಾರಿಗೂ ಗೊತ್ತಿಲ್ಲ. ರ್‍ಯಾಮನ್ನು ಎಬ್ಬಿಸುವ ಪ್ರೋಗ್ರಾಮ್ ಓಡಬೇಕಾದರೆ ತಾತ್ಕಾಲಿಕವಾಗಿ ಬರೆದಿಡಲು ರ್‍ಯಾಮ್ ಬೇಕು. ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಂತಾಯಿತಲ್ಲ? ಇಂಜಿನಿಯರುಗಳು ಕಂಡುಕೊಂಡ ದಾರಿ ನೋಡಿ ಕೈಮುಗಿಯಬೇಕೆನಿಸಿತು. ಪ್ರೊಸೆಸರಿನ ಹೊಟ್ಟೆಯೊಳಗೆ ಕ್ಯಾಶ್ ಎಂಬ ಪುಟ್ಟ ನೆನಪಿನ ಜಾಗ ಇದೆಯಲ್ಲ, ಅದನ್ನೇ ಕೆಲಹೊತ್ತು ರ್‍ಯಾಮ್ ಎಂದು ಬಳಸಿಕೊಳ್ಳುತ್ತಾರೆ. ಸ್ಲೇಟು ಬರುವವರೆಗೆ ಅಂಗೈ ಮೇಲೆ ಬರೆದುಕೊಂಡ ಹಾಗೆ.

ಆಮೇಲೆ ರ್‍ಯಾಮ್ ಪಟ್ಟಿಯ ಪರಿಚಯ. ನಾನು ತಂದ ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ದೊಡ್ಡ ಕಪ್ಪು ಚಿಪ್‌ಗಳು ಎಂಟು. ಅವುಗಳ ನಡುವೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ, ಬೇರೆ ಜಾತಿಯ ಒಂದು ಚಿಪ್. ಅದೇ ಇದರ ಜಾತಕ! ನೆನಪಿಡುವ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಡಿಡಿಆರ್4 ತಲೆಮಾರಿನ ರ್‍ಯಾಮ್ ಪಟ್ಟಿಯಲ್ಲಿ ಅದರ ಅಳತೆ 512 ಬೈಟು. ನಾನು ಇಷ್ಟು ದೊಡ್ಡವಳು, ಇಷ್ಟು ವೇಗ ತಡೆಯಬಲ್ಲೆ, ಕೇಳಿದ್ದಕ್ಕೆ ಉತ್ತರಿಸಲು ಇಷ್ಟು ಹೊತ್ತು ಬೇಕು ಎಂದೆಲ್ಲ ಅದರಲ್ಲಿ ಕಾರ್ಖಾನೆಯವರು ಬರೆದಿಟ್ಟಿರುತ್ತಾರೆ. ಎರಡೇ ಗೆರೆಗಳ ನಿಧಾನದ ದಾರಿಯಲ್ಲಿ ಫರ್ಮ್‌ವೇರ್ ಹೋಗಿ ಅದನ್ನು ಓದಿಕೊಂಡು ಬರುತ್ತದೆ. ಬಳಿಕ ಎರಡೂ ಕಡೆಯವರು ಶ್ರುತಿ ಕೂಡಿಸುತ್ತಾರೆ. ಒಂದೊಂದು ಗೆರೆಯಲ್ಲೂ ಸಂಕೇತ ಎಷ್ಟು ಬೇಗ ಎಷ್ಟು ತಡ ಬಂದರೆ ಸ್ಪಷ್ಟ ಕೇಳುತ್ತದೆ ಎಂದು ಹೊಂದಿಸಿ ಹೊಂದಿಸಿ ನೋಡುವುದು. ಕಛೇರಿ ಶುರುವಾಗುವ ಮೊದಲು ತಂಬೂರಿಯ ತಂತಿ ಮೀಟುತ್ತ ಬಿರಡೆ ತಿರುಗಿಸುತ್ತಾರಲ್ಲ, ಹಾಗೆ. ಡಿಡಿಆರ್5 ಹಾಕಿದ ಹೊಸ ಕಂಪ್ಯೂಟರ್ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆ ತೋರಿಸಿದರೆ ಹೆದರಿ ಆಫ್ ಮಾಡಬೇಡಿ. ಒಳಗೆ ಶ್ರುತಿ ನಡೆಯುತ್ತಿರುತ್ತದೆ.

'ಅದೇ ತಗೊಳ್ಳತ್ತೆ' ಎಂಬ ಮಾತು ಮೊದಲಿನಿಂದ ಇದ್ದದ್ದಲ್ಲ. 1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ನ್ಯೂಯಾರ್ಕಿನಲ್ಲಿ ಪ್ರಕಟಿಸಿದಾಗ, ಅದರ ಮದರ್‌ಬೋರ್ಡಿನ ಮೇಲೆ ಎಂಟೆಂಟು ಪುಟ್ಟ ಸ್ವಿಚ್ಚುಗಳ ಎರಡು ಸಾಲು ಇದ್ದವು. ಮೆಮೊರಿ ಎಷ್ಟಿದೆ, ಫ್ಲಾಪಿ ಡ್ರೈವ್ ಎಷ್ಟಿವೆ, ಪರದೆ ಯಾವ ಬಗೆಯದು, ಇದನ್ನೆಲ್ಲ ಯಜಮಾನ ಬಾಲ್‌ಪೆನ್ನಿನ ಮೊನೆಯಿಂದ ಆ ಸ್ವಿಚ್ಚುಗಳನ್ನು ಆಚೀಚೆ ತಳ್ಳಿ ತಿಳಿಸಬೇಕಿತ್ತು. ಹೇಳದಿದ್ದರೆ ಆ ಯಂತ್ರಕ್ಕೆ ತನ್ನ ಹೊಟ್ಟೆಯಲ್ಲಿರುವುದೇ ತಿಳಿಯುತ್ತಿರಲಿಲ್ಲ.

ನಮ್ಮ ಮನೆಯ ಅಟ್ಟದಲ್ಲಿ ತೊಂಬತ್ತರ ದಶಕದ ಒಂದು ಸೌಂಡ್ ಕಾರ್ಡ್ ಉಳಿದಿದೆ. ಆ ರಾತ್ರಿ ಏಣಿ ಹಾಕಿ ಅದನ್ನೂ ಇಳಿಸಿದೆ. ಗೇಣುದ್ದದ ಕಾರ್ಡ್, ಅದರ ಮೇಲೆ ಸೂಜಿಯಂಥ ಪಿನ್ನುಗಳ ಸಾಲು, ಪಿನ್ನಿಗೆ ಸಿಕ್ಕಿಸುವ ಕಪ್ಪು ಪ್ಲಾಸ್ಟಿಕ್ಕಿನ ಜಂಪರುಗಳು. ಒಂದು ಜಂಪರ್ ಇಲ್ಲಿ ಹಾಕಿದರೆ ಕಾರ್ಡಿನ ವಿಳಾಸ 220, ಪಕ್ಕಕ್ಕೆ ಹಾಕಿದರೆ 240. ಇನ್ನೊಂದು, ಪ್ರೊಸೆಸರನ್ನು ಕರೆಯುವ ಗಂಟೆ ಯಾವುದು ಎಂದು ತೀರ್ಮಾನಿಸುತ್ತಿತ್ತು, ಐದನೆಯದೋ ಏಳನೆಯದೋ. ಇಡೀ ಯಂತ್ರಕ್ಕೆ ಇದ್ದದ್ದು 16 ಗಂಟೆ. ಅದರಲ್ಲಿ ಬಹುಪಾಲು ಮೊದಲೇ ಹಂಚಿಹೋಗಿದ್ದವು. ಏಳನೆಯದು ಪ್ರಿಂಟರಿನದು. ಇಬ್ಬರಿಗೂ ಒಂದೇ ಗಂಟೆ ಕೊಟ್ಟಿರೋ, ಯಾರು ಕರೆದರು ಎಂದು ತಿಳಿಯದೆ ಪ್ರೊಸೆಸರ್ ತಬ್ಬಿಬ್ಬಾಗುತ್ತಿತ್ತು. ಆಟ ಆಡುತ್ತಿರುವಾಗ ಒಂದೇ ಸ್ವರ ಗೀಚು ಬಿದ್ದ ರೆಕಾರ್ಡಿನಂತೆ ಕೊರೆಯುತ್ತ ಇಡೀ ಯಂತ್ರ ನಿಂತುಬಿಡುವುದನ್ನು ಕಂಡವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಎಷ್ಟು ಭಾನುವಾರಗಳು ಆ ಜಂಪರುಗಳಿಗೆ ಹೋದವು!

ಆದರೆ ಆಗಲೇ ಒಂದು ಬೀಜ ಮೊಳೆತಿತ್ತು. 1982ರ ಅಕ್ಟೋಬರಿನ ಬಯೋಸ್‌ನಲ್ಲಿ ಐಬಿಎಂನವರು ಒಂದು ಹೊಸ ಪದ್ಧತಿ ಸೇರಿಸಿದರು. ಕಂಪ್ಯೂಟರ್ ಏಳುವಾಗ ಮೆಮೊರಿಯ ಒಂದು ಓಣಿಯಲ್ಲಿ ಎರಡೆರಡು ಕೆಬಿಗೆ ಒಮ್ಮೆ ನಿಂತು ಇಣುಕುವುದು. ಅಲ್ಲಿ ಮೊದಲ ಎರಡು ಬೈಟು 55 ಮತ್ತು ಎಎ ಆಗಿದ್ದರೆ, ಇಲ್ಲೊಂದು ಕಾರ್ಡ್ ತನ್ನದೇ ಪ್ರೋಗ್ರಾಮ್ ಹೊತ್ತು ಬಂದು ಕೂತಿದೆ ಎಂದರ್ಥ. ಆಗ ಬಯೋಸ್ ಕೆಲಹೊತ್ತು ಅಧಿಕಾರವನ್ನೇ ಅದರ ಕೈಗೆ ಕೊಡುತ್ತಿತ್ತು. ಬಯೋಸ್ ಬರೆದವರು ಕನಸಿನಲ್ಲೂ ಕಾಣದ ಯಂತ್ರಗಳು ಮುಂದೆ ಬಂದು ಕೂರಲು ಸಾಧ್ಯವಾದದ್ದು ಹೀಗೆ.

55 ಮತ್ತು ಎಎ. ಇವು ಹದಿನಾರರ ಎಣಿಕೆಯ ಅಂಕಿಗಳು. ಒಂದು-ಸೊನ್ನೆಯಲ್ಲಿ ಬರೆದು ನೋಡಿ: 01010101, ಆಮೇಲೆ 10101010. ಎಂಟು ತಂತಿಗಳಲ್ಲಿ ಒಂದು ಬಿಟ್ಟು ಒಂದು ಬೆಳಗುತ್ತದೆ, ಮರುಕ್ಷಣ ಬೆಳಗಿದ್ದೆಲ್ಲ ಆರಿ ಆರಿದ್ದೆಲ್ಲ ಬೆಳಗುತ್ತದೆ. ಸತ್ತ ತಂತಿಗೆ ಇದು ಸಾಧ್ಯವಿಲ್ಲ. ಜೀವ ಇದ್ದದ್ದೇ ಹೀಗೆ ಕಣ್ಣು ಮಿಟುಕಿಸಬೇಕು. ಹಾರ್ಡ್ ಡಿಸ್ಕಿನ ಮೊದಲ 512 ಬೈಟುಗಳ ಕೊನೆಗೂ ಇದೇ ಜೋಡಿ! ಬಯೋಸ್ ಡಿಸ್ಕಿನಿಂದ ಆ ತುಣುಕನ್ನು ತಂದು, ತುದಿಯಲ್ಲಿ 55 ಎಎ ಕಂಡರೆ ಮಾತ್ರ ಇದು ನಂಬಬಹುದಾದ ಬೂಟ್ ಸೆಕ್ಟರ್ ಎಂದು ಓಡಿಸುತ್ತಿತ್ತು. ಆ ತುಣುಕು ತನಗಿಂತ ದೊಡ್ಡದನ್ನು ಕರೆಯುತ್ತದೆ, ದೊಡ್ಡದು ಇನ್ನೂ ದೊಡ್ಡದನ್ನು, ಕೊನೆಗೆ ಇಡೀ ವಿಂಡೋಸೋ ಲಿನಕ್ಸೋ ಎದ್ದು ನಿಲ್ಲುತ್ತದೆ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲೆದ್ದವನ ಮಾತಿನಿಂದ ಬಂದದ್ದೇ 'ಬೂಟ್' ಎಂಬ ಪದ.

ಮೂರನೆಯ ಸಲ ಈ ಜೋಡಿ ಕಾಣಿಸಿಕೊಂಡ ಜಾಗ ನನಗೆ ಎಲ್ಲಕ್ಕಿಂತ ಪ್ರಿಯ. 1993ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಜಂಪರಿನ ಕಾಟಕ್ಕೆ ಒಂದು ಪರಿಹಾರ ರೂಪಿಸಿದವು. ಅದರ ಹೆಸರು ಪ್ಲಗ್ ಅಂಡ್ ಪ್ಲೇ. ತೊಡಕು ನೋಡಿ: ಆ ಸೌಂಡ್ ಕಾರ್ಡಿನಂಥವು ಕೂರುವ ಹಳೇ ಐಎಸ್‌ಎ ಸ್ಲಾಟುಗಳೆಲ್ಲ ಒಂದೇ ತಂತಿಗಳಿಗೆ ಅಂಟಿಕೊಂಡಿವೆ. ಯಾರಿದ್ದೀರಿ ಎಂದರೆ ಎಲ್ಲ ಕಾರ್ಡುಗಳೂ ಒಟ್ಟಿಗೆ ಕೂಗುತ್ತವೆ. ಹೆಸರು ಹಿಡಿದು ಕರೆಯೋಣವೆಂದರೆ ಇನ್ನೂ ಯಾರಿಗೂ ಹೆಸರಿಲ್ಲ. ಬಿಡಿಸುವುದು ಹೇಗೆ?

ಅವರು ಹೀಗೆ ಮಾಡಿದರು. ಮೊದಲು 279 ಎಂಬ ವಿಳಾಸಕ್ಕೆ 32 ಬೈಟುಗಳ ಒಂದು ಗುಟ್ಟಿನ ಸರಣಿ ಬರೆಯುವುದು. ಆ ವಿಳಾಸ ಪ್ರಿಂಟರಿನ ಸ್ಥಿತಿ ಓದಲು ಮಾತ್ರ ಇದ್ದದ್ದು, ಅಲ್ಲಿ ಬರೆದರೆ ಹಳಬರಿಗೆ ಏನೂ ಆಗದು, ಹೊಸ ಕಾರ್ಡುಗಳು ಮಾತ್ರ ಕಿವಿ ನಿಮಿರಿಸುತ್ತವೆ! ಪ್ರತಿ ಕಾರ್ಡಿನಲ್ಲೂ ಕಾರ್ಖಾನೆಯಲ್ಲೇ ಕೊಟ್ಟ 72 ಬಿಟ್ಟಿನ ಗುರುತು ಇದೆ. ಈಗ ಬಯೋಸ್ ಒಂದೊಂದೇ ಬಿಟ್ಟು ಕೇಳುತ್ತದೆ. ತನ್ನ ಬಿಟ್ಟು ಒಂದು ಆಗಿದ್ದ ಕಾರ್ಡ್ ತಂತಿಗಳ ಮೇಲೆ 55 ಎನ್ನುತ್ತದೆ, ಆಮೇಲೆ ಎಎ ಎನ್ನುತ್ತದೆ. ಸೊನ್ನೆ ಆಗಿದ್ದ ಕಾರ್ಡ್ ತುಟಿ ಬಿಚ್ಚದೆ ಕೇಳಿಸಿಕೊಳ್ಳುತ್ತದೆ. ಬೇರೆ ಯಾರೋ 55, ಎಎ ಎಂದದ್ದು ಕೇಳಿಸಿದರೆ, ಸರಿ, ಈ ಸುತ್ತು ನನ್ನದಲ್ಲ ಎಂದು ತಾನಾಗಿ ಹಿಂದೆ ಸರಿಯುತ್ತದೆ. ಮುಂದಿನ ಬಿಟ್ಟು. ಮತ್ತೊಬ್ಬರು ಹಿಂದೆ. 72 ಬಿಟ್ಟು ಮುಗಿಯುವಾಗ ಕಣದಲ್ಲಿ ಉಳಿಯುವುದು ಒಂದೇ ಕಾರ್ಡ್. ಅದಕ್ಕೊಂದು ನಂಬರು ಕೊಟ್ಟು ಪಕ್ಕಕ್ಕೆ ಕೂರಿಸಿ, ಹಿಂದೆ ಸರಿದವರನ್ನೆಲ್ಲ ಕರೆದು ಮತ್ತೆ ಮೊದಲಿನಿಂದ. ಯಾರೂ ಉತ್ತರಿಸದ ಸುತ್ತು ಬಂದಾಗ ಹಾಜರಿ ಮುಗಿಯಿತು. ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬಾಯಿ ಹಾಕದೆ, ಜಗಳವಿಲ್ಲದೆ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದೇ ಕಾಲಕ್ಕೆ, 1992ರಲ್ಲಿ, ಇಂಟೆಲ್ ತಂದ ಪಿಸಿಐ ಎಂಬ ಹೊಸ ಬಗೆಯ ಸ್ಲಾಟು ಬೇರೆಯ ದಾರಿ ಹಿಡಿದಿತ್ತು. ಅಲ್ಲಿ ಪ್ರತಿ ಸ್ಲಾಟಿಗೂ ಮನೆ ನಂಬರಿದೆ. 256 ಓಣಿ, ಓಣಿಗೆ 32 ಮನೆ, ಮನೆಗೆ 8 ಕೋಣೆ. ಫರ್ಮ್‌ವೇರ್ ಮನೆಮನೆಯ ಬಾಗಿಲು ತಟ್ಟಿ ಕೇಳುವುದು ಒಂದೇ ಪ್ರಶ್ನೆ: ನಿನ್ನ ತಯಾರಕರು ಯಾರು? ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬರುವ ಉತ್ತರ ಎಫ್‌ಎಫ್‌ಎಫ್‌ಎಫ್, ಹದಿನಾರೂ ಬಿಟ್ಟು ಒಂದು. ಮೌನಕ್ಕೂ ಒಂದು ರೂಪವಿದೆ ಅಲ್ಲಿ! ಆದ್ದರಿಂದಲೇ ಆ ಸಂಖ್ಯೆಯನ್ನು ಯಾವ ಕಂಪನಿಗೂ ಕೊಟ್ಟಿಲ್ಲ. ಎನ್ವಿಡಿಯಾ 10ಡಿಇ, ಎಎಂಡಿ 1022. ಇಂಟೆಲ್ ತನಗೆ ಇಟ್ಟುಕೊಂಡದ್ದು 8086, ತನ್ನ ಮನೆತನ ಬೆಳಗಿದ ಚಿಪ್ಪಿನ ಹೆಸರು. ಇಂದಿನ ಪಿಸಿಐ ಎಕ್ಸ್‌ಪ್ರೆಸ್ ಗ್ರಾಫಿಕ್ಸ್ ಕಾರ್ಡಿಗೂ ಇದೇ ಪ್ರಶ್ನೆ, ಇದೇ ಬಗೆಯ ಉತ್ತರ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಅನಾಮಧೇಯ ಸಾಧನ ಕಂಡಾಗ ಅಂಗಡಿಯ ಹುಡುಗರು 'ವೆನ್', 'ಡೆವ್' ಎಂಬ ನಂಬರು ನಕಲು ಮಾಡಿ ಡ್ರೈವರ್ ಹುಡುಕುತ್ತಾರಲ್ಲ, ಆ ನಂಬರುಗಳು ಇವೇ.

ಬಂದವರಿಗೆ ಎಷ್ಟು ಜಾಗ ಬೇಕು? ಇದನ್ನು ತಿಳಿಯುವ ಉಪಾಯವಂತೂ ಹಳ್ಳಿಯ ಬುದ್ಧಿಯದು. ಕಾರ್ಡಿನ ಒಂದು ರಿಜಿಸ್ಟರಿಗೆ ಫರ್ಮ್‌ವೇರ್ ಪೂರ್ತಿ ಒಂದುಗಳನ್ನೇ ಬರೆಯುತ್ತದೆ, ಬರೆದದ್ದನ್ನು ತಿರುಗಿ ಓದುತ್ತದೆ. ಕಾರ್ಡ್ ಕೆಲವು ಬಿಟ್ಟುಗಳನ್ನು ಒಂದಾಗಲು ಬಿಡದೆ ಸೊನ್ನೆಯಲ್ಲೇ ಕಟ್ಟಿಹಾಕಿರುತ್ತದೆ. ಕೆಳಗಿನಿಂದ 24 ಸೊನ್ನೆ ಉಳಿದಿದ್ದರೆ 16 ಎಂಬಿ ಬೇಕೆಂದರ್ಥ. ಬಿಂದಿಗೆ ಎಷ್ಟು ಹಿಡಿಯುತ್ತದೆಂದು ಕೇಳುವ ಬದಲು ನೀರು ಸುರಿದು ನೋಡಿದಂತೆ. ಲೆಕ್ಕ ಸಿಕ್ಕ ಮೇಲೆ ಒಬ್ಬರ ಜಾಗಕ್ಕೆ ಇನ್ನೊಬ್ಬರು ತಾಗದಂತೆ ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸುತ್ತದೆ. ನಾನು ಭಾನುವಾರವಿಡೀ ಮಾಡುತ್ತಿದ್ದ ಕೆಲಸ ಅದು, ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇಷ್ಟೆಲ್ಲ ಆನ್ ಮಾಡುವ ಹೊತ್ತಿನ ಮಾತು. ಓಡುತ್ತಿರುವ ಯಂತ್ರಕ್ಕೆ ನಡುವೆ ಬಂದು ಸೇರಿಕೊಳ್ಳುವವರ ಕಥೆ ಯುಎಸ್‌ಬಿಯದು. 1996ರ ಜನವರಿಯಲ್ಲಿ ಮೊದಲ ಆವೃತ್ತಿ ಬಂತು, ಏಳು ಕಂಪನಿಗಳು ಕೂಡಿ ಮಾಡಿದ್ದು. ಇಂಟೆಲ್‌ನಲ್ಲಿ ಆ ಕೆಲಸಕ್ಕೆ ಮುಂದಾಳಾಗಿದ್ದವರು ವಡೋದರಾದಲ್ಲಿ ಓದಿ ಅಮೆರಿಕಕ್ಕೆ ಹೋದ ಅಜಯ್ ಭಟ್.

ಮನೆಯಲ್ಲಿರುವ ಯಾವುದಾದರೂ ಹಳೇ ಪೆನ್‌ಡ್ರೈವಿನ ಬಾಯಿಯೊಳಗೆ ನೋಡಿ. ಈಗಲೇ ನೋಡಿ! ನಾಲ್ಕು ಚಿನ್ನದ ಬಣ್ಣದ ಪಟ್ಟಿಗಳಿವೆ. ಹೊರಗಿನ ಎರಡು ಉದ್ದ, ಒಳಗಿನ ಎರಡು ಸುಮಾರು ಒಂದು ಮಿಲಿಮೀಟರ್ ಗಿಡ್ಡ. ಉದ್ದನೆಯವು ಕರೆಂಟಿನವು, ಗಿಡ್ಡವು ಮಾತಿನವು. ನೀವು ತಳ್ಳುವಾಗ ಉದ್ದನೆಯವು ಮೊದಲು ತಾಕುತ್ತವೆ, ಅಂದರೆ ಬಂದವರಿಗೆ ಮೊದಲು ಜೀವ, ಆಮೇಲೆ ಮಾತು. ಕೀಳುವಾಗ ಮೊದಲು ಮಾತು ನಿಲ್ಲುತ್ತದೆ, ಕೊನೆಗೆ ಜೀವ. ಮನೆಗೆ ಬಂದವರಿಗೆ ನೀರು ಬೆಲ್ಲ ಕೊಟ್ಟ ಮೇಲೆ ಸಮಾಚಾರ ಕೇಳುವ ನಮ್ಮ ಪದ್ಧತಿ ಆ ಒಂದು ಮಿಲಿಮೀಟರಿನಲ್ಲಿದೆ ಎಂದು ನನಗೆ ಅನಿಸಿತು.

ಮಾತಿನ ತಂತಿಗಳು ಎರಡು. ಯಾರೂ ಇಲ್ಲದಾಗ ಎರಡೂ ಕೆಳಗಿಳಿದಿರುತ್ತವೆ. ಬಂದ ಸಾಧನ ಒಂದೂವರೆ ಸಾವಿರ ಓಮಿನ ಒಂದು ಪುಟ್ಟ ರೆಸಿಸ್ಟರಿನ ಮೂಲಕ ಅವುಗಳಲ್ಲಿ ಒಂದನ್ನು ಮೇಲೆತ್ತುತ್ತದೆ. ನನ್ನ ಮೌಸ್‌ನಂತೆ ನಿಧಾನದವರಾದರೆ ಒಂದು ತಂತಿ, ಚುರುಕಿನವರಾದರೆ ಇನ್ನೊಂದು. ಒಂದು ಬೈಟೂ ಆಡದೆ, ಬರಿದೆ ಕೈ ಎತ್ತಿದ್ದರಲ್ಲೇ ಬಂದೆ ಎಂಬುದೂ ತನ್ನ ನಡಿಗೆ ಇಂಥದ್ದು ಎಂಬುದೂ ತಿಳಿದುಹೋಯಿತು. ಕಂಪ್ಯೂಟರ್ ಆತುರ ಮಾಡುವುದಿಲ್ಲ. ಸಿಕ್ಕಿಸುವ ಕೈ ನಡುಗುತ್ತಿರಬಹುದು, ಆದ್ದರಿಂದ 100 ಮಿಲಿಸೆಕೆಂಡ್ ಕಾಯುತ್ತದೆ. ಆಮೇಲೆ ರೀಸೆಟ್. ರೀಸೆಟ್ ಆದ ಪ್ರತಿ ಸಾಧನದ ವಿಳಾಸ ಸೊನ್ನೆ, ಇನ್ನೂ ನಾಮಕರಣವಾಗದ ಕೂಸು. ತೊಟ್ಟಿಲು ಒಂದೇ, ಹಾಗಾಗಿ ಒಂದು ಹೊತ್ತಿಗೆ ಒಂದೇ ಕೂಸು. ಎರಡನ್ನು ಒಟ್ಟಿಗೆ ಸಿಕ್ಕಿಸಿದರೆ ಒಂದು ಸರದಿಗೆ ಕಾಯಬೇಕು. ನೀನು ಯಾರು ಎಂದು ಕೇಳಿದರೆ ಸಾಧನ 18 ಬೈಟುಗಳಲ್ಲಿ ಉತ್ತರಿಸುತ್ತದೆ, ಅದರಲ್ಲಿ ತಯಾರಕರ ನಂಬರು, ಮಾದರಿಯ ನಂಬರು ಇರುತ್ತವೆ. ಆಗ 1ರಿಂದ 127ರೊಳಗೆ ಒಂದು ವಿಳಾಸ ಸಿಗುತ್ತದೆ. ಮುಂದಿನ ಪ್ರಶ್ನೆ, ನಿನ್ನ ಕಸುಬು ಏನು? ಕೀಬೋರ್ಡು ಮೌಸುಗಳ ಕುಲಕ್ಕೆ 3, ಪ್ರಿಂಟರಿಗೆ 7, ಪೆನ್‌ಡ್ರೈವಿಗೆ 8. ಹುಬ್ಬಳ್ಳಿಯ ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪೆನ್‌ಡ್ರೈವ್ ಟೋಕಿಯೋದ ಲ್ಯಾಪ್‌ಟಾಪಿನಲ್ಲೂ ತೆರೆದುಕೊಳ್ಳುವುದು ಈ ಒಂದೇ ಅಂಕಿಯ ಬಲದಿಂದ, 8.

ಇಲ್ಲೊಂದು ಭಯದ ಮಾತೂ ಇದೆ. ಬಂದವರು ಹೇಳಿದ್ದನ್ನು ಕಂಪ್ಯೂಟರ್ ನಂಬುತ್ತದೆ. 2014ರಲ್ಲಿ ಬರ್ಲಿನ್ನಿನ ಸಂಶೋಧಕರಾದ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್, ಪೆನ್‌ಡ್ರೈವಿನ ಒಳಗಿನ ಪ್ರೋಗ್ರಾಮ್ ತಿದ್ದಿ, ತಾನು ಕೀಬೋರ್ಡ್ ಎಂದು ಅದರ ಬಾಯಲ್ಲಿ ಹೇಳಿಸಿ ತೋರಿಸಿದರು. ಕೀಬೋರ್ಡ್ ಎಂದಮೇಲೆ ಅದು ಟೈಪ್ ಮಾಡಿದ್ದೆಲ್ಲ ಯಜಮಾನನ ಆಜ್ಞೆಯೇ. ಬಸ್ ಸ್ಟ್ಯಾಂಡಿನಲ್ಲಿ ಬಿದ್ದು ಸಿಕ್ಕ ಪೆನ್‌ಡ್ರೈವನ್ನು ದಯವಿಟ್ಟು ಸಿಕ್ಕಿಸಬೇಡಿ. ಇಷ್ಟು ನಂಬಿಕೆಯ ಮೇಲೆ ನಿಂತ ಮನೆಗೆ ಯಾರನ್ನು ಬಿಟ್ಟುಕೊಳ್ಳುತ್ತೇವೆ ಎಂಬ ಎಚ್ಚರ ನಮ್ಮದೇ.

ರಾತ್ರಿ ಎರಡು ದಾಟಿತ್ತು. ಲಿನಕ್ಸ್ ಕರ್ನೆಲ್ ತಾನು ಕಂಡದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ದಿನಚರಿಯನ್ನು ಪರದೆಯ ಮೇಲೆ ತೆರೆದಿಟ್ಟು, ಮೌಸ್ ಸಿಕ್ಕಿಸಿದೆ. ಸಾಲು ಮೂಡಿತು: ಹೊಸ ನಿಧಾನವೇಗದ ಯುಎಸ್‌ಬಿ ಸಾಧನ, ಸಂಖ್ಯೆ 7. ಸೆಕೆಂಡಿನ ಒಂದು ಚೂರು ಕಳೆದು ಮತ್ತೊಂದು: ತಯಾರಕ 046ಡಿ, ಲಾಜಿಟೆಕ್, ಆಪ್ಟಿಕಲ್ ಮೌಸ್. ಆ ಎರಡು ಸಾಲುಗಳ ನಡುವಿನ ಬಿಡುವಿನಲ್ಲೇ ಕೈ ಎತ್ತಿದ್ದು, ಕಾದದ್ದು, ತೊಟ್ಟಿಲು, ಹದಿನೆಂಟು ಬೈಟು, ನಾಮಕರಣ ಎಲ್ಲವೂ. ಕಿತ್ತೆ. 7 ಹೋಯಿತು ಎಂದು ಬರೆಯಿತು. ಎರಡೇ ಸೆಕೆಂಡಿಗೆ ಅದೇ ಮೌಸನ್ನು ಅದೇ ತೂತಿಗೆ ಸಿಕ್ಕಿಸಿದೆ. ಈಗ ತಾನೇ ಹೋದವನಲ್ಲವೇ ಎಂದು ಅದು ಕೇಳಲಿಲ್ಲ. ಮತ್ತೆ ಕಾಯಿತು, ಮತ್ತೆ ರೀಸೆಟ್, ಮತ್ತೆ ಸೊನ್ನೆ, ನೀನು ಯಾರು ಎಂದು ಮತ್ತೆ ಮೊದಲಿನಿಂದ ಕೇಳಿ, ಹೊಸ ಸಾಧನ, ಸಂಖ್ಯೆ 8 ಎಂದು ಬರೆಯಿತು.

ಕಿತ್ತು ಇನ್ನೊಮ್ಮೆ ಸಿಕ್ಕಿಸಿದೆ. 9.